ಮಂಡ್ಯದವರ ಹಾಯಿದೋಣಿ

ಹೋದ ಭಾನುವಾರ ಬೆಳಿಗ್ಗೆ ಮೊಮ್ಮಗಳು ಅಡಿಗೆಮನೆಯ ಮೇಜಿನ ಮೇಲೆ ಹತ್ತಿ ಹರಡಿಕೊಂಡು ಉಗುರಿನ ಬಣ್ಣ ಅಳಿಸುತ್ತಿದ್ದಳು. ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದ ನನಗೆ ಆ ಸೀಸೆಯ ವಾಸನೆ ತಟ್ಟಿತು. ಕೈ ನಿಂತುಹೋಯಿತು.

"ಸ್ಮೆಲ್ ಜಾಸ್ತಿನಾ ಅಜ್ಜಿ? ಐ ಕ್ಯಾನ್ ಗೋ ಔಟ್‌ಸೈಡ್."

"ಬೇಡ, ಇಲ್ಲೇ ಮಾಡು" ಎಂದೆ.

ಅಸಿಟೋನು. ಮೈಸೂರಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವಳಿಗೆ ಇಂಥ ವಾಸನೆ ಬಂದರೆ ಥಿಯೇಟರೇ ನೆನಪಾಗಬೇಕು. ಆದರೆ ನನಗೆ ನೆನಪಾದದ್ದು ಒಂದು ಹಳೆಯ ಹಾಯಿದೋಣಿ. ಅದರ ಡೆಕ್ಕಿನ ಮೇಲೆ ಮಂಡಿಯೂರಿ, ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ತೂತನ್ನು ಒರೆಸುತ್ತಿದ್ದ ನಮ್ಮ ಎದುರುಮನೆಯವರು.

ಆಗ ನಾನು ಈ ದೇಶಕ್ಕೆ, ನೆವಾರ್ಕಿನ ಮಗಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಎದುರುಮನೆಯವರು ಮಂಡ್ಯ ಕಡೆಯವರು. ಬಹಳ ವರ್ಷ ಯಾವುದೋ ಕಾರ್ಖಾನೆಯಲ್ಲಿ ಲೇತು ಮಿಷನ್ನುಗಳ ಮೇಲ್ವಿಚಾರಣೆ ಮಾಡಿ ನಿವೃತ್ತರಾಗಿದ್ದರು. ಎಪ್ಪತ್ತೈದು ದಾಟಿತ್ತು. ಅಲಮೀಡದ ಕಡೆ ಒಂದು ಮರೀನಾದಲ್ಲಿ, ಅಂದರೆ ದೋಣಿಗಳನ್ನು ಸಾಲಾಗಿ ಕಟ್ಟಿ ನಿಲ್ಲಿಸುವ ಕಡೆ, ಅವರದೊಂದು ಮೂವತ್ತು ಅಡಿ ಉದ್ದದ ಹಾಯಿದೋಣಿ ಇತ್ತು. ದೋಣಿಗೆ ನಲವತ್ತು ವರ್ಷ. ಒಳಗೆ ಮಲಗಲು ಜಾಗ, ಪುಟ್ಟ ಒಲೆ, ತೊಟ್ಟಿ, ಒಂದು ಡೀಸೆಲ್ ಎಂಜಿನ್ನು ಎಲ್ಲ ಉಂಟು. ಆದರೆ ಎಂಟು ವರ್ಷದಿಂದ ಅದು ಕಟ್ಟಿದ ಜಾಗ ಬಿಟ್ಟು ಅಲುಗಿರಲಿಲ್ಲ.

ಅವರ ಮನೆಯಾಕೆ ನನಗೆ ಸ್ನೇಹಿತೆಯಾಗಿದ್ದರು. ನವೆಂಬರಿನಲ್ಲಿ ಒಂದು ದಿನ ಬಂದು ಸಮಾಚಾರ ಹೇಳಿದರು. ಮರೀನಾದ ಆಫೀಸಿನಿಂದ ಕಾಗದ ಬಂದಿತ್ತು. ಮಾರ್ಚ್ ಮುಗಿಯುವುದರೊಳಗೆ ದೋಣಿಯ ಡೆಕ್ಕಿನ ಮೇಲಿನ ಸಾಮಾನೆಲ್ಲ ಭದ್ರವಾಗಿ ಜಾಗದಲ್ಲಿರಬೇಕು, ದೋಣಿ ತನ್ನದೇ ಬಲದಿಂದ ಹೊರಗೆ ಹೋಗಿ ವಾಪಸು ಬರಬೇಕು. ಆಗದಿದ್ದರೆ ಜಾಗ ಖಾಲಿ ಮಾಡಬೇಕು. ಓಡದ ಹಳೆ ದೋಣಿಗೆ ಬೇರೆಲ್ಲೂ ಜಾಗ ಕೊಡುವುದಿಲ್ಲವಂತೆ. ಗರಗಸ ಹಾಕಿ ತುಂಡು ಮಾಡಿ ಕಸಕ್ಕೆ ಸಾಗಿಸುವುದೇ.

"ಇವ್ರು ದಿನಾ ಹೋಗ್ತೀನಿ ಅಂತವ್ರೆ. ಹೋದ್ ವರ್ಷ ಅಲ್ಲೇ ಏಣಿ ಮೇಲಿಂದ ಜಾರಿ ಬಿದ್ದಿದ್ದು. ಒಬ್ರನ್ನೇ ಕಳ್ಸಕ್ಕೆ ನಂಗೆ ಧೈರ್ಯ ಇಲ್ಲ. ನೀವ್ ಒಸಿ ಜೊತೇಲಿ ಹೋಗಿ ಬರ್ತೀರಾ ಸಿಸ್ಟರಮ್ಮ?"

"ನೀವೇ ಯಾಕೆ ಹೋಗಬಾರದು?"

"ನಾನು ಕೆರೆ ದಂಡೇಲಿ ಬಟ್ಟೆ ಒಗ್ದೋಳು. ದಂಡೆ ದಾಟಿ ಒಂದ್ ಹೆಜ್ಜೆ ಇಡಾಕಿಲ್ಲ" ಎಂದರು ಆಕೆ.

ನನಗೂ ಕುತೂಹಲವಿತ್ತು. ನೀರಿನ ಮೇಲಿನ ಮನೆಯೊಳಗೆ ಏನೇನಿರುತ್ತದೆ ನೋಡಬೇಕೆನಿಸಿತು. ಮಂಗಳವಾರ ಮತ್ತು ಶುಕ್ರವಾರ, ಒಂಬತ್ತೂಕಾಲಿಗೆ ಹೊರಡುವುದು, ಮೂರಕ್ಕೆ ವಾಪಸು ಎಂದು ಗೊತ್ತುಮಾಡಿಕೊಂಡೆ. ಅವರಿಗೆ ಈ ಒಂಬತ್ತೂಕಾಲು ಒಂಬತ್ತೂವರೆಯಾಗುವುದು ವಾಡಿಕೆ. ನಾನು ಗೇಟಿನ ಬಳಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಅವರು ಕಾರು ಹೊರತೆಗೆಯುತ್ತ, "ಬುಡಿ ಸಿಸ್ಟರಮ್ಮ, ಪೇಷಂಟು ಎಲ್ಲೂ ಓಡೋಗಲ್ಲ. ಓಡೋ ಹಂಗಿದ್ರೆ ಕಾಗದನೇ ಬರ್ತಿರ್ಲಿಲ್ಲ" ಎನ್ನುತ್ತಿದ್ದರು.

ದೋಣಿಯ ಕಾಯಿಲೆ ಏನೆಂದು ಮೊದಲ ದಿನವೇ ತೋರಿಸಿದರು. ಡೆಕ್ಕು ಎಂದರೆ ಮೇಲೊಂದು ಫೈಬರ್ ಹಾಳೆ, ಕೆಳಗೊಂದು ಫೈಬರ್ ಹಾಳೆ, ನಡುವೆ ಮರ. ಕಂಬಿ, ಕೊಕ್ಕೆ, ಹಗ್ಗ ಸುತ್ತುವ ಉರುಳೆ ಎಲ್ಲವನ್ನೂ ಬೋಲ್ಟು ಹಾಕಿ ಡೆಕ್ಕಿಗೆ ಬಿಗಿದಿರುತ್ತಾರೆ. ಆ ಬೋಲ್ಟಿನ ತೂತುಗಳಲ್ಲಿ ವರ್ಷಗಟ್ಟಲೆ ನೀರಿಳಿದು ಒಳಗಿನ ಮರ ಕೊಳೆತಿತ್ತು. ಅವರು ಒಂದು ತೂತಿಗೆ ಬಾಗಿಸಿದ ಕಡ್ಡಿ ಹಾಕಿ ಕೆದಕಿದರೆ ಕಪ್ಪು ಕಾಫಿ ಚರಟದಂಥದ್ದು ಈಚೆ ಬಂತು. ಮೇಲೆ ನೋಡಿದರೆ ಬಿಳಿ ಬಣ್ಣ, ಗಟ್ಟಿ ನೆಲ. ಇಂಥ ಗಾಯಗಳನ್ನು ನಾನು ನೋಡಿದ್ದೆ. ಮೇಲೆ ಚರ್ಮ ಕೂಡಿರುತ್ತದೆ, ಒಳಗೆ ಕೀವು.

"ಕೊಳೆತದ್ದನ್ನೆಲ್ಲ ತೆಗೆದು, ತುಂಬಿಸಿ, ಮತ್ತೆ ಮುಚ್ಚಬೇಕು" ಎಂದೆ.

"ಅಷ್ಟೇಯ. ಆಪರೇಷನ್ನೇ" ಎಂದರು. ಅವತ್ತಿನಿಂದ ನಮ್ಮಿಬ್ಬರಿಗೂ ಹೊಂದಿಕೆಯಾಯಿತು.

ಆ ಚಳಿಗಾಲ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಡೆಕ್ಕಿನ ಮೇಲೆ ನೀಲಿ ಟಾರ್ಪಾಲು ಕಟ್ಟಿಕೊಂಡು ಅದರಡಿಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಡೆಕ್ಕಿನ ಮೇಲಿನ ಸಾಮಾನನ್ನೆಲ್ಲ ಬಿಚ್ಚಿದರು. ತೂತುಗಳಲ್ಲಿ ಕೊಳೆತ ಮರ ಕೆದಕಿ ತೆಗೆದರು. ಒಣಗಲು ಬಿಟ್ಟರು. ಆಮೇಲೆ ಎಪಾಕ್ಸಿ ಎಂಬ ಅಂಟಿನ ಎರಡು ದ್ರವಗಳನ್ನು ಕಾಗದದ ಲೋಟದಲ್ಲಿ ಬೆರೆಸಿ ತುಂಬಿಸತೊಡಗಿದರು. ಬೆರೆಸುವುದನ್ನು ನೋಡುವುದೇ ನನಗೊಂದು ಆಸೆ. ಲೋಟ ತಾನಾಗಿ ಬಿಸಿಯಾಗುತ್ತಿತ್ತು. ಅವರು ಕಡ್ಡಿ ಎತ್ತಿ, ಇಳಿಯುವ ಎಳೆ ನೋಡುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ಡಬ್ಬಿಯ ಮೇಲೆ ಇಷ್ಟು ನಿಮಿಷ ಎಂದು ಬರೆದಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, "ನಮ್ಮಪ್ಪಂದು ಆಲೆಮನೆ. ಬೆಲ್ಲದ ಪಾಕ ಗಡಿಯಾರ ನೋಡಿ ಇಳಿಸಿದೋರು ಯಾರೂ ಇಲ್ಲ" ಎಂದರು. ನಾನು ಗಡಿಯಾರ ಹಿಡಿದು ಪರೀಕ್ಷಿಸಿದೆ. ಚಳಿ ಹೆಚ್ಚಿದ್ದ ದಿನ ಡಬ್ಬಿಯ ಲೆಕ್ಕ ತಪ್ಪಿತು, ಅವರದು ತಪ್ಪಲಿಲ್ಲ.

ಮಂಡ್ಯದವರಿಗೆ ಹಾಯಿದೋಣಿ ಯಾಕೆ ಬೇಕಾಯಿತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ದಿನ ಊಟದ ಹೊತ್ತಿಗೆ ಕೇಳಿಯೇಬಿಟ್ಟೆ. ಮನೆಯಾಕೆ ಕಳಿಸಿದ ರಾಗಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಚ್ಚಿಕೊಳ್ಳುತ್ತ ಅವರು ನಕ್ಕರು. ಎಂಟು ವರ್ಷದವರಿದ್ದಾಗ ಆಲೆಮನೆಯ ಹಳೆಯ ಕೊಪ್ಪರಿಗೆಯನ್ನು ನಾಲೆಗೆ ಉರುಳಿಸಿ ಅದರಲ್ಲಿ ಕೂತು ತೇಲಿಹೋಗಿದ್ದರಂತೆ. ಎರಡು ಊರು ದಾಟಿದ ಮೇಲೆ ಯಾರೋ ಹಿಡಿದು ನಿಲ್ಲಿಸಿದರಂತೆ.

"ಹೋಗೋದು ಗೊತ್ತಿತ್ತು, ವಾಪಸ್ ಬರೋದು ಗೊತ್ತಿರ್ಲಿಲ್ಲ. ನಾಲೆ ನೀರು ಒಂದೇ ಕಡೀಕ್ ಹೋಯ್ತದೆ. ಹಾಯಿ ಇದ್ರೆ ಎದುರುಗಾಳಿಗೂ ವಾಪಸ್ ಬರ್ಬೋದು ಕಣ್ರಿ."

ಗಾಳಿ ಎದುರಿನಿಂದ ಬರುವಾಗ ಅದೇ ಗಾಳಿಯಿಂದ ಮುಂದೆ ಹೋಗುವುದು ಹೇಗೆ? ಕಾಗದದ ಕರವಸ್ತ್ರ ಮಡಿಸಿ, ಊದಿ, ಓರೆ ಓರೆಯಾಗಿ ಹೋಗಬೇಕು ಎಂದು ತೋರಿಸಿದರು. ನನಗೆ ಅರ್ಧ ತಿಳಿಯಿತು. ಉಳಿದರ್ಧಕ್ಕೆ ಇನ್ನೊಂದು ದಿನ ಕೇಳಿದರಾಯಿತು ಎಂದುಕೊಂಡೆ...

ನನ್ನ ತಪ್ಪು ಆದದ್ದು ಫೆಬ್ರವರಿಯಲ್ಲಿ. ಅದನ್ನು ಬಿಟ್ಟು ಬರೆದರೆ ಇದು ನಿಜವಾದ ಬರಹವಾಗುವುದಿಲ್ಲ.

ದೋಣಿಯ ಒಳಗಿನ ಮಂಚದ ಮೇಲೆ ಅವರು ಒಂದು ಹಳೇ ಹಾಸುಬಟ್ಟೆ ಹಾಸಿ, ಬಿಚ್ಚಿದ ಬೋಲ್ಟುಗಳನ್ನೆಲ್ಲ ಅದರ ಮೇಲೆ ಹಾಕಿದ್ದರು. ತೊಂಬತ್ತಾರು ಬೋಲ್ಟು, ಅವುಗಳ ನಟ್ಟು, ವಾಷರು. ಅಲ್ಲೊಂದು ಇಲ್ಲೊಂದು ಚೆಲ್ಲಿದಂತೆ ಬಿದ್ದಿದ್ದವು, ಹಳೆಯ ಅಂಟು ಮೆತ್ತಿಕೊಂಡು ಕರಿ ಹಿಡಿದಿದ್ದವು. ಮೂರು ತಿಂಗಳಿಂದ ನೋಡಿ ನೋಡಿ ನನಗೆ ಕೈ ತುರಿಸುತ್ತಿತ್ತು. ಥಿಯೇಟರಿನಲ್ಲಿ ಟ್ರೇ ಹೀಗಿದ್ದರೆ ನಮ್ಮ ಮೇಟ್ರನ್ ನಮ್ಮನ್ನು ನಿಲ್ಲಿಸಿಯೇ ಬೈಯುತ್ತಿದ್ದರು. ಅವತ್ತು ಅವರು ಮೇಲೆ ಡೆಕ್ಕು ಉಜ್ಜುತ್ತಿದ್ದರು. ನಾನು ಕೆಳಗೆ ಕೂತು ಬೋಲ್ಟುಗಳನ್ನೆಲ್ಲ ಬಟ್ಟಲಿಗೆ ಹಾಕಿ, ಅಸಿಟೋನಿನಲ್ಲಿ ತೊಳೆದು, ಒರೆಸಿ, ಉದ್ದದ ಪ್ರಕಾರ ವಿಂಗಡಿಸಿ, ಮೊಸರಿನ ಖಾಲಿ ಡಬ್ಬಿಗಳಿಗೆ ತುಂಬಿ, ಚೀಟಿ ಅಂಟಿಸಿದೆ. ಕೊಳೆಯಾದ ಹಾಸುಬಟ್ಟೆಯನ್ನು ಮಡಿಸಿ, ಮನೆಗೆ ಒಯ್ದು ಒಗೆಯೋಣವೆಂದು ನನ್ನ ಚೀಲದಲ್ಲಿಟ್ಟುಕೊಂಡೆ. ಬಹಳ ಸಮಾಧಾನವಾಯಿತು.

ಅವರು ಊಟಕ್ಕೆ ಕೆಳಗಿಳಿದರು. ಮಂಚ ನೋಡಿದರು. ಡಬ್ಬಿಗಳನ್ನು ನೋಡಿದರು.

"ಸಿಸ್ಟರಮ್ಮ, ಇಲ್ಲೊಂದು ದೋಣಿ ಇತ್ತಲ್ಲ, ಎಲ್ ಹೋಯ್ತು?" ಎಂದರು.

ಅದು ಚೆಲ್ಲಿದ್ದಲ್ಲ. ಇಡೀ ಡೆಕ್ಕಿನ ನಕ್ಷೆ ಅದು. ಮಂಚದ ತಲೆಯ ಕಡೆ ದೋಣಿಯ ಮೂತಿ, ಕಾಲಿನ ಕಡೆ ಹಿಂಭಾಗ, ಯಾವ ತೂತಿನ ಬೋಲ್ಟು ಯಾವುದೋ ಅದನ್ನು ಅಲ್ಲೇ ಇಟ್ಟಿದ್ದರು. ಡೆಕ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ಥರ. ಕೆಳಗೆ ಕೂತವರ ತಲೆಗೆ ತಾಗಬಾರದೆಂದು ಒಂದೊಂದು ಬೋಲ್ಟನ್ನೂ ಅದರ ಜಾಗಕ್ಕೆ ತಕ್ಕಂತೆ ಅವರೇ ಹಿಂದೆ ಕೊಯ್ದು ಗಿಡ್ಡ ಮಾಡಿದ್ದರು. ಒಂದಕ್ಕೂ ಇನ್ನೊಂದಕ್ಕೂ ಅಕ್ಕಿಕಾಳಿನಷ್ಟು ವ್ಯತ್ಯಾಸ. ಗಿಡ್ಡವಾದರೆ ನಟ್ಟಿಗೆ ಸಿಗದು, ಉದ್ದವಾದರೆ ಕೆಳಗೆ ತಲೆಗೆ ಚುಚ್ಚೀತು. ಎಲ್ಲವನ್ನೂ ಹಾಕಿ ತೆಗೆದು ನೋಡುವುದಕ್ಕೆ ವಾರಗಟ್ಟಲೆ ಬೇಕು. ಮಾರ್ಚ್ ಕೊನೆಗೆ ಉಳಿದಿದ್ದು ಆರು ವಾರ, ಎಂಜಿನ್ನಿನ ಕೆಲಸ ಇನ್ನೂ ಮುಟ್ಟಿರಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ರೊಟ್ಟಿಯ ಡಬ್ಬಿ ತೆರೆದು, ಮುಚ್ಚಿ, ಮೆಟ್ಟಿಲ ಮೇಲೆ ಕೂತರು. ಆ ಡಬ್ಬಿಯ ಮುಚ್ಚಳ ಕೂರಿಸಲು ಅವರಿಗೆ ಮೂರು ಸಲ ಬೇಕಾಯಿತು. ಈ ಕೈಗಳಿಂದ ಮುಂದಿನ ಚಳಿಗಾಲ ಈ ಕೆಲಸ ಆಗುವುದಿಲ್ಲ ಎಂಬುದು ನನಗೂ ಗೊತ್ತಾಯಿತು, ಅವರಿಗೆ ಮೊದಲೇ ಗೊತ್ತಿತ್ತು.

ಥಿಯೇಟರಿನಲ್ಲಿ ಒಂದು ಸಾಮಾನು ಕಾಣದಿದ್ದರೆ ಅಳುವ ಪದ್ಧತಿಯಿಲ್ಲ. ಟ್ರೇ, ಬಟ್ಟೆ, ಬುಟ್ಟಿ, ನೆಲ, ಈ ಕ್ರಮದಲ್ಲಿ ಹುಡುಕಬೇಕು. ಟ್ರೇ ಎಂದರೆ ಡಬ್ಬಿಗಳು, ಅದನ್ನು ನಾನೇ ಕೆಡಿಸಿದ್ದೆ. ಬಟ್ಟೆ... ಚೀಲದಿಂದ ಹಾಸುಬಟ್ಟೆ ತೆಗೆದು ಬಿಡಿಸಿದೆ. ಮೂರು ತಿಂಗಳ ತೇವಕ್ಕೆ ಒಂದೊಂದು ಬೋಲ್ಟೂ ತನ್ನ ಕೆಳಗೆ ತನ್ನಷ್ಟೇ ಉದ್ದದ ತುಕ್ಕಿನ ಕಂದು ಕಲೆ ಬಿಟ್ಟಿತ್ತು. ತಲೆಯ ಜಾಗಕ್ಕೆ ದುಂಡಗೆ, ಮೈಯ ಜಾಗಕ್ಕೆ ಗೆರೆ.

"ಒಗ್ದಿಲ್ವಾ?" ಎಂದರು.

"ಇಲ್ಲ. ಮೂರಕ್ಕೆ ಮನೆಗೆ ಹೋದ ಮೇಲೆ ಒಗೆಯೋಣ ಅಂತಿದ್ದೆ."

"ನಿಮ್ ಟೈಮ್ ಟೇಬಲ್ ಒಂದ್ ದಿನನಾದ್ರೂ ಉಪಯೋಗಕ್ಕೆ ಬಂತು ನೋಡಿ."

ಆ ವಾರ ಬುಧವಾರ, ಗುರುವಾರವೂ ಹೋದೆವು. ನಾನು ಬೋಲ್ಟು ಕೈಗೆ ಕೊಡುವುದು, ಅವರು ಕಲೆಯ ಮೇಲಿಟ್ಟು ಅಳೆಯುವುದು. ಎಂಬತ್ತೊಂಬತ್ತು ತಮ್ಮ ಜಾಗ ಕಂಡುಕೊಂಡವು. ಏಳಕ್ಕೆ ಕಲೆ ಸಿಗಲಿಲ್ಲ. ಅವಕ್ಕೆ ಬದಲು ಅವರು ಹೊಸ ಬೋಲ್ಟು ಅಳತೆಗೆ ಕೊಯ್ದರು. ಮಾರ್ಚ್ ಮಧ್ಯದ ಹೊತ್ತಿಗೆ ಡೆಕ್ಕು ತುಂಬಿತು. ಜೋರು ಮಳೆ ಬಂದ ಒಂದು ಶುಕ್ರವಾರ ನಾವಿಬ್ಬರೂ ಒಳಗೆ ಕೂತು ಮೇಲೆ ನೋಡುತ್ತಿದ್ದೆವು. ಎಲ್ಲಿಂದಲೂ ಒಂದು ಹನಿ ಬೀಳಲಿಲ್ಲ.

ಪರೀಕ್ಷೆಯ ದಿನ ಮಾರ್ಚ್ ಕೊನೆಯ ವಾರದ ಮಂಗಳವಾರ. ಆಫೀಸಿನವರೊಬ್ಬರು ಕಾಗದ ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು. ಎಂಜಿನ್ನಿನ ನೀರಿನ ಪಂಪನ್ನು ಹಿಂದಿನ ವಾರವಷ್ಟೇ ಬದಲಿಸಿದ್ದರಿಂದ ಅದರ ಮೇಲೆ ನಮಗೆ ಪೂರ್ತಿ ನಂಬಿಕೆಯಿರಲಿಲ್ಲ. ಎಂಜಿನ್ನು ಕಾದು ನಿಂತರೆ ಎಲ್ಲ ಮುಗಿದಂತೆ. "ಸಿಸ್ಟರಮ್ಮ, ನೀವು ಈ ಮುಳ್ಳು ನೋಡ್ತಾ ಕೂತ್ಕಳಿ. ಕೆಂಪಿನ ಕಡೀಕ್ ಹೋದ್ರೆ ಕೂಗಿ. ಬೇರೆ ಏನೂ ನೋಡ್ಬೇಡಿ" ಎಂದು ಬಿಸಿ ತೋರಿಸುವ ಗಡಿಯಾರದ ಮುಂದೆ ನನ್ನನ್ನು ಕೂರಿಸಿದರು.

ಹಗ್ಗ ಬಿಚ್ಚಿದ ಸದ್ದು ಕೇಳಿಸಿತು. ಕಾಲಡಿಯ ನೆಲ ಮೆತ್ತಗೆ ಜರುಗಿತು. ಮುಳ್ಳು ನಿಧಾನಕ್ಕೆ ಏರಿ, ನಡುವಿಗೆ ಬಂದು, ಅಲ್ಲೇ ನಿಂತಿತು. ಕಲ್ಲಿನ ಒಡ್ಡು ದಾಟಿದಾಗ ಅಲೆ ಬಡಿಯಿತು. ಎಂಜಿನ್ನು ನಿಲ್ಲಿಸಿ ಹಾಯಿ ಬಿಚ್ಚಿದರೆಂದು ಕಾಣುತ್ತದೆ, ದೋಣಿ ಒಂದು ಕಡೆಗೆ ವಾಲಿ ಇದ್ದಕ್ಕಿದ್ದಂತೆ ಸದ್ದಿಲ್ಲದೆ ಸಾಗಿತು. ಎಂಜಿನ್ನು ನಿಂತ ಮೇಲೂ ನಾನು ಮುಳ್ಳನ್ನೇ ನೋಡುತ್ತಿದ್ದೆ. ಮತ್ತೆ ಚಾಲೂ ಮಾಡಬೇಕಿತ್ತಲ್ಲ. ಇಪ್ಪತ್ತೈದು ನಿಮಿಷಕ್ಕೆ ವಾಪಸು ಬಂದೆವು. ಆಫೀಸಿನವರು ಕಾಗದದಲ್ಲಿ ಏನೋ ಗುರುತು ಹಾಕಿ ಅವರ ಕೈ ಕುಲುಕಿದರು. ಜಾಗ ಉಳಿಯಿತು.

ಎದುರುಮನೆಯವರು ಅದಾದ ಮೇಲೆ ಎರಡು ಬೇಸಿಗೆ ಆ ದೋಣಿಯನ್ನು ನಡೆಸಿದರು. ಮೂರನೆಯ ಚಳಿಗಾಲದಲ್ಲಿ ತೀರಿಕೊಂಡರು. ನ್ಯುಮೋನಿಯಾ, ಒಂಬತ್ತು ದಿನ. ದೋಣಿಯನ್ನು ಒಬ್ಬ ಗಂಡ ಹೆಂಡತಿ ಕೊಂಡು ದಕ್ಷಿಣಕ್ಕೆ, ಮೆಕ್ಸಿಕೋ ಕಡೆಗೆ ಹೊರಟರಂತೆ. ಹಾಯಿಯ ಆ ಉಳಿದರ್ಧವನ್ನು ನಾನು ಕೇಳಲೇ ಇಲ್ಲ.

ಈ ವಾರ ನನ್ನ ಆ ಸ್ನೇಹಿತೆಗೆ ಫೋನು ಮಾಡಿದಾಗ ಅವರ ಯಜಮಾನರ ಮಾತು ಬಂತು. "ಆ ಜಾಗ ಒಂದ್ ಸಲ ನೋಡ್ಬೇಕು" ಎಂದರು ಆಕೆ. ನಿನ್ನೆ ಮಗಳು ನಮ್ಮಿಬ್ಬರನ್ನೂ ಅಲಮೀಡಕ್ಕೆ ಬಿಟ್ಟಳು. ಆ ಜಾಗದಲ್ಲಿ ಈಗ ಬೇರೆ ದೋಣಿ, ದೊಡ್ಡದು, ಹೊಳೆಯುವ ಹೊಸದು. ಆಕೆ ಕಟ್ಟೆಯ ಮೇಲೆ ನನ್ನ ತೋಳು ಹಿಡಿದು ನಿಂತರು. ನಾನು ಒಡ್ಡು ತೋರಿಸಿದೆ, ಅಲ್ಲಿಗೆ ಹೋಗಿ ಬಂದೆವು ಎಂದೆ.

"ಹೊರಗ್ ಹೋದಾಗ ಇವ್ರ ಮುಖ ಹೆಂಗಿತ್ತು ಸಿಸ್ಟರಮ್ಮ? ಎಂಟು ವರ್ಷ ಅದ್ನೇ ಕಾಯ್ತಿದ್ರು."

ನೋಡದೆ ಇದ್ದದ್ದನ್ನು ಬರೆಯುವ, ಹೇಳುವ ಅಭ್ಯಾಸ ನನಗಿಲ್ಲ. ಆದರೂ ಒಂದು ಗಳಿಗೆ, ನಗುತ್ತಿದ್ದರು ಎಂದುಬಿಡೋಣವೆನಿಸಿತು...

"ನೋಡಲಿಲ್ಲಮ್ಮ. ನಾನು ಎಂಜಿನ್ನಿನ ಮುಳ್ಳು ನೋಡುತ್ತಿದ್ದೆ."

"ಅವ್ರೇ ಹಂಗೆ ಹೇಳಿದ್ರಾ?"

"ಹೌದು."

"ಹಂಗಾದ್ರೆ ಸರಿ" ಎಂದರು ಆಕೆ. ತೋಳು ಬಿಡಲಿಲ್ಲ. ಆಮೇಲೆ ನಾವಿಬ್ಬರೂ ಒಡ್ಡಿನ ಆಚೆಯ ನೀರನ್ನೇ ನೋಡುತ್ತ ನಿಂತಿದ್ದೆವು.