ಹುಳು ಹಣ್ಣಾದ ದಿನದ ಹಾಜರಿ

ನಮ್ಮೂರ ಶಾಲೆಯ ಜಗುಲಿಯಲ್ಲಿ ಮಕ್ಕಳ ಚೀಲಗಳಿಗಿಂತ ಚಂದ್ರಂಕಿಗಳೇ ಹೆಚ್ಚು ಒರಗಿರುತ್ತಿದ್ದವು. ಬಿದಿರಿನ ಚಾಪೆಯ ಮೇಲೆ ಸುರುಳಿಯಾಗಿ ದಬ್ಬೆ ಕಟ್ಟಿದ ತಟ್ಟಿ ಅದು. ರೇಷ್ಮೆ ಹುಳು ಆ ಸುರುಳಿಗಳ ನಡುವೆ ಕೂತು ಗೂಡು ಕಟ್ಟುತ್ತದೆ. ಸಾದಲಿ ಕಡೆಯ ನಮ್ಮಂಥ ಸಣ್ಣ ಊರಿನಲ್ಲಿ ಮನೆಯ ಮುಕ್ಕಾಲು ಪಾಲು ಹುಳುವಿಗೆ, ಕಾಲು ಪಾಲು ಮನುಷ್ಯರಿಗೆ, ಜಾಗ ಸಾಲದಿದ್ದರೆ ಶಾಲೆ. ಮೇಷ್ಟ್ರು ಒಳ್ಳೆಯವರು, ಬೇಡವೆನ್ನಲಿಲ್ಲ. ಒಳ್ಳೆಯವರ ಸುಮ್ಮನಿರುವಿಕೆಯಿಂದ ಎಷ್ಟು ಕೆಡುತ್ತದೆ ಎನ್ನುವುದು ನನಗೆ ತಡವಾಗಿ ತಿಳಿಯಿತು.

ಹುಳುವಿನ ಸ್ವಭಾವ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ವಾರಗಟ್ಟಲೆ ಬಿದಿರು ತಟ್ಟೆಯಲ್ಲಿ ಸೊಪ್ಪು ಮೇದು, ಒಂದು ಬೆಳಿಗ್ಗೆ ಮೇವು ಬಿಟ್ಟು ತಲೆಯೆತ್ತಿ, ದ್ರಾಕ್ಷಿಯ ಹಾಗೆ ಮೈ ತಿಳಿಯಾಯಿತೆಂದರೆ ಹುಳು ಹಣ್ಣಾಯಿತು ಎಂದರ್ಥ. ಅಂದೇ ಆರಿಸಿ ಚಂದ್ರಂಕಿಗೆ ಬಿಡದಿದ್ದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಆರಿಸಲು ಮಕ್ಕಳ ಬೆರಳೇ ಆಗಬೇಕು, ದೊಡ್ಡವರ ಬೆರಳಿಗೆ ಹುಳು ಜಜ್ಜಿಹೋಗುತ್ತದೆ ಎಂದು ನಮ್ಮವರ ನಂಬಿಕೆ. ಊರೆಲ್ಲ ಒಂದೇ ಕಡೆಯಿಂದ ಮರಿಹುಳು ತರುತ್ತಿದ್ದುದರಿಂದ ಊರೆಲ್ಲ ಒಂದೇ ದಿನ ಹಣ್ಣಾಗುತ್ತಿತ್ತು. ಆ ದಿನ ಶಾಲೆಯ ಬಾಗಿಲು ತೆರೆದಿರುತ್ತಿತ್ತು, ಮಕ್ಕಳು ಮಾತ್ರ ಇರುತ್ತಿರಲಿಲ್ಲ.

ಬಿಸಿಯೂಟ ಶುರುವಾಗಿ ಒಂದೆರಡು ವರ್ಷವಾಗಿತ್ತೇನೋ, ಅಂಥದ್ದೇ ದಿನ ನೋಡಿಕೊಂಡು ಬಂದ ಹಾಗೆ ಶಿಡ್ಲಘಟ್ಟದಿಂದ ಸಾಹೇಬರೊಬ್ಬರು ಮಕ್ಕಳನ್ನು ಎಣಿಸಲು ಬಂದರು. ಪಟ್ಟಿಯಲ್ಲಿ ಹದಿನಾಲ್ಕು, ಕೋಣೆಯಲ್ಲಿ ಎರಡು. ಮೂರನೇ ಕ್ಲಾಸಿನ ನನ್ನ ಮೊಮ್ಮಗಳು ಮಂಜುಳ ಅಂದು ಶಾಲೆಗೆ ಹೊರಟೇ ನಿಂತಿದ್ದಳು. ತಡೆದವಳು ನಾನು. "ಒಂದಿನ ಹೋಗ್ದಿದ್ರೆ ಇಸ್ಕೂಲೇನು ಓಡ್ಹೋಗ್ತದಾ?" ಎಂದಿದ್ದೆ. ಓಡಿಯೇ ಹೋಯಿತು.

ಎರಡು ತಿಂಗಳಿಗೆ ಆದೇಶ ಬಂತು: ನಮ್ಮ ಶಾಲೆ ಮುಚ್ಚಿ, ಮಕ್ಕಳನ್ನು ಮೂರು ಮೈಲಿ ಆಚೆಯ ದೊಡ್ಡ ಶಾಲೆಗೆ ಸೇರಿಸುವುದು. ಕಟ್ಟಡ ಖಾಲಿಯಾಗುತ್ತದೆ ಎಂದ ಕೂಡಲೇ ಗಂಡಸರೆಲ್ಲ ಅಲ್ಲಿ ಎಷ್ಟು ಚಂದ್ರಂಕಿ ಹಿಡಿಸುತ್ತದೆ ಎಂದು ಲೆಕ್ಕ ಹಾಕಿದರು. ಸುಳ್ಳೇಕೆ, ನನ್ನ ಕಣ್ಣೂ ಅಳತೆ ತೆಗೆಯಿತು. ಆಮೇಲೆ ಊಟಕ್ಕೆ ಕೂತಾಗ ನನ್ನ ಮಗ, ಹೆಣ್ಣುಮಗು ಲಾರಿ ಓಡಾಡುವ ರಸ್ತೆಯಲ್ಲಿ ಅಷ್ಟು ದೂರ ನಡೆಯುವುದು ಬೇಡ, ಹುಳು ನೋಡಿಕೊಂಡು ಮನೆಯಲ್ಲೇ ಇರಲಿ ಎಂದ. ನನ್ನನ್ನೂ ಆ ವಯಸ್ಸಿನಲ್ಲಿ ಹೀಗೆಯೇ ಹುಳುವಿನ ಮುಂದೆ ಕೂರಿಸಿದ್ದರು. ಕೂರಿಸಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನಾಲ್ಕಕ್ಷರ ನಾನು ಕಲಿತದ್ದು ಈ ಹುಡುಗಿಯ ಸ್ಲೇಟಿನಿಂದ. ಒತ್ತು ಬಂದರೆ ಈಗಲೂ ಮುಗ್ಗರಿಸುತ್ತೇನೆ.

ಮರುದಿನ ಮೇಷ್ಟ್ರನ್ನು ಕರೆದುಕೊಂಡು ಶಿಡ್ಲಘಟ್ಟದ ಕಚೇರಿಗೆ ಹೋದೆ. ಸಾಹೇಬರು ಸುಳ್ಳು ಲೆಕ್ಕ ಬರೆದರೆಂದು ಹೇಳು ಎಂದು ಊರವರು ಹೇಳಿಕೊಟ್ಟಿದ್ದರು. ನಾನು ಹೇಳಲಿಲ್ಲ, ಅವರು ಕಂಡದ್ದನ್ನೇ ಬರೆದಿದ್ದರು. ಚಿಕ್ಕ ವಯಸ್ಸಿನ ಮನುಷ್ಯ, ಕೂರಿಸಿ ತಿಳಿಹೇಳಿದರು: ಹದಿನಾಲ್ಕು ಮಕ್ಕಳಿಗೆ ಒಂದು ಕಟ್ಟಡ, ಒಬ್ಬ ಮೇಷ್ಟ್ರು, ಒಂದು ಅಡುಗೆ, ಸರ್ಕಾರ ಎಷ್ಟು ಕಡೆ ನಡೆಸಲು ಸಾಧ್ಯ? ಅವರ ಮಾತಿನಲ್ಲಿ ನ್ಯಾಯವಿತ್ತು. ಸಂಸಾರ ಮಾಡಿದವಳಿಗೆ ಅದು ತಿಳಿಯದೆ ಇರುತ್ತದೆಯೇ?

"ಹುಳ ಕಮ್ಮಿಯಾದ್ರೆ ನಾವೂ ಎರಡು ತಟ್ಟೆ ಒಂದು ಮಾಡ್ತೀವಿ ಸಾಮಿ," ಎಂದೆ. "ಆದ್ರೆ ನಾವೇ ಎತ್ತಿ ಬಿಡ್ತೀವಿ. ಹುಳಕ್ಕೆ ನೀವೇ ನಡ್ಕೊಂಡು ಬನ್ನಿ ಅನ್ನಲ್ಲ."

ಅವರು ಪೆನ್ನು ಕೆಳಗಿಟ್ಟರು. "ಬಸ್ಸು ಊರೊಳಕ್ಕೆ ತಿರುಗಿಸೋಕೆ ಡಿಪೋಗೆ ಬರೀತೀನಿ ಅಜ್ಜಿ. ನಿಮ್ಮ ಮಕ್ಕಳು ಹತ್ತಬೇಕಲ್ಲ?"

ಮರ್ಮಕ್ಕೇ ತಾಗಿತು.

ಬಸ್ಸು ಬಂತು, ಒಂದು ತಿಂಗಳ ಪರೀಕ್ಷೆಗೆ. ಒಂದು ದಿನ ಒಂದೆರಡೇ ಮಕ್ಕಳು ಹತ್ತಿದರೂ ಮತ್ತೆ ಬರುವುದಿಲ್ಲ ಎಂದು ಕಂಡಕ್ಟರು ಮೊದಲ ದಿನವೇ ಹೇಳಿದ. ಬಸ್ಸು ಬಂತೆಂದು ಮಗ ಮಂಜುಳಳನ್ನು ಕಳಿಸಲು ಒಪ್ಪಿದ್ದ, ಆದರೆ ಅರೆಮನಸ್ಸಿನಿಂದ. ಮೂರನೇ ವಾರದಲ್ಲಿ ಊರಿನ ಹುಳುವೆಲ್ಲ ಹಣ್ಣಾಯಿತು.

ಬೆಳಿಗ್ಗೆಯೇ ಮನೆಮನೆಗೆ ಹೋಗಿ ಮಕ್ಕಳನ್ನು ಹೊರಡಿಸಿ ಎಂದೆ. ಪಕ್ಕದ ಮನೆಯ ಮುನಿಯಮ್ಮ ಸೊಂಟಕ್ಕೆ ಕೈಯಿಟ್ಟು, "ನಿನ್ ಮೊಮ್ಮಗಳು ಕಲೆಕ್ಟರ್ ಆಗ್ಲಿ ಅಂತ ನಮ್ ಹುಳ ಕೆಡಿಸ್ಕಬೇಕೇನಕ್ಕ?" ಎಂದಳು. ಕಲೆಕ್ಟರ್ ಆಗದಿದ್ದರೂ ಬಸ್ಸಿನ ಬೋರ್ಡು ತಾನೇ ಓದಿಕೊಂಡು ಹತ್ತುತ್ತಾಳೆ, ನನ್ನ ಹಾಗೆ ಕಂಡವರನ್ನೆಲ್ಲ ಕೇಳುವುದಿಲ್ಲ ಎಂದೆ. ನಿಮ್ಮನೆ ಹುಳುವನ್ನೂ ನಾನೇ ಆರಿಸಿಕೊಡುತ್ತೇನೆ ಎಂದೂ ಸೇರಿಸಿದೆ. ಅವಳು ಬಯ್ಯುತ್ತಲೇ ಮಗಳ ತಲೆ ಬಾಚಿದಳು. ಹದಿಮೂರು ಮಕ್ಕಳು ಹತ್ತಿದರು. ಹದಿನಾಲ್ಕನೆಯದಕ್ಕೆ ನಿಜವಾಗಿ ಜ್ವರವಿತ್ತು.

ಮನೆಗೆ ಬಂದು ನಾನು, ಸೊಸೆ, ಮಗ ತಟ್ಟೆಗಳ ಮುಂದೆ ಕೂತೆವು. ಮೊದಮೊದಲು ಒಂದಷ್ಟು ಜಜ್ಜಿದವು, ಒಂದಷ್ಟು ಕಸದಲ್ಲೇ ನೂಲು ಬಿಟ್ಟವು. ಮಧ್ಯಾಹ್ನದ ಹೊತ್ತಿಗೆ ಕೈ ಹದಕ್ಕೆ ಬಂತು. ಮೆಲ್ಲಗೆ ಎತ್ತಿದರೆ ನಮ್ಮ ಬೆರಳಿಗೂ ಹುಳು ಸಾಯುವುದಿಲ್ಲ. ತಲೆತಲಾಂತರದಿಂದ ನಾವು ನಂಬಿಕೆ ಎಂದು ಕರೆದದ್ದರಲ್ಲಿ ಸೋಮಾರಿತನ ಎಷ್ಟು ಸೇರಿತ್ತೋ. ಸಂಜೆಗೆ ಮುನಿಯಮ್ಮನ ಮನೆಯ ತಟ್ಟೆಗಳ ಮುಂದೆಯೂ ಕೂತೆ.

ಮರುದಿನ ಮಂಜುಳ ಜಡೆಯ ಟೇಪು ಹುಡುಕುತ್ತಾ ತಡ ಮಾಡಿದಳು. ಬಸ್ಸು ಹಾರನ್ನು ಹೊಡೆದು ಹೊರಡುವುದರಲ್ಲಿತ್ತು. ಅದರ ಮುಂದೆ ಅಡ್ಡ ನಿಂತು, ಇನ್ನೊಂದು ಮಗು ಬರುವುದಿದೆ ಎಂದು ಡ್ರೈವರನ ಹತ್ತಿರ ಬೈಸಿಕೊಳ್ಳುತ್ತಿದ್ದವನು ನನ್ನ ಮಗ.