ರಜೆಯ ದಿನದ ಎದೆನೋವು

ಖಾಜಾ ಸಾಬರ ಮಣ್ಣು ಮುಗಿಸಿ ಬಂದ ಮರುದಿನ ಮುಂಜಾನೆ ನಮ್ಮ ಯಜಮಾನರ ಎದೆ ಹಿಡಿಯಿತು. ಅಂದು ಕೆಲಸವಿರಲಿಲ್ಲ. ಭಾರ ಎತ್ತಿರಲಿಲ್ಲ, ಓಡಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ರೊಟ್ಟಿ ಮುರಿಯುತ್ತಿದ್ದರು. ಮುರಿದ ತುಂಡು ಕೈಯಲ್ಲೇ ಉಳಿಯಿತು. ಎದೆಯ ಮೇಲೆ ಯಾರೋ ಫರಸಿ ಕಲ್ಲು ಹೇರಿದಂತಿದೆ ಎಂದರು. ಹಣೆ ಮುಟ್ಟಿದೆ. ತಣ್ಣಗಿತ್ತು, ಒದ್ದೆಯಾಗಿತ್ತು.

ಖಾಜಾ ಸಾಬರೂ ಹೀಗೆಯೇ ಹೋಗಿದ್ದರು. ತಮ್ಮ ಮನೆಯಲ್ಲಿ ಕುಳಿತು, ಚಹಾದ ಬಸಿ ಕೈಯಲ್ಲಿ ಹಿಡಿದುಕೊಂಡೇ.

ಇವರು ಗೂಟದ ಕಡೆ ಕೈ ತೋರಿಸಿದರು. ಅಲ್ಲಿ ಅವರ ರುಮಾಲು ನೇತಾಡುತ್ತಿತ್ತು. ತಂದುಕೊಟ್ಟೆ. ಅದರ ಮಡಿಕೆಯನ್ನು ಹಣೆಗೆ ಬಿಗಿಯಾಗಿ ಒತ್ತಿ ತಲೆಗೆ ಸುತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು, ಉಸಿರು ಹಗುರಾಯಿತು. ಮಿಕ್ಕ ರೊಟ್ಟಿಯನ್ನೂ ತಿಂದರು.

ರುಮಾಲಿನೊಳಗೆ ಏನಿತ್ತೆಂದು ನನಗೆ ಗೊತ್ತಿತ್ತು. ಶಹಾಬಾದಿನ ಸುಣ್ಣಕಲ್ಲಿನ ಗಣಿಯಲ್ಲಿ ಬಂಡೆ ಒಡೆಯಲು ಸಿಡಿಮದ್ದು ಇಡುವವರ ಮನೆಯ ಹೆಂಗಸರಿಗೆಲ್ಲ ಅದು ಗೊತ್ತು. ಜಿಲೆಟಿನ್ ಕಡ್ಡಿ ಮೊದಲ ಸಲ ಮುಟ್ಟಿದವನಿಗೆ ತಲೆ ಸೀಳುವಂಥ ನೋವು ಬರುತ್ತದೆ. ದಿನವೂ ಮುಟ್ಟುತ್ತಿದ್ದರೆ ಮೈ ಒಗ್ಗಿ, ನೋವು ನಿಲ್ಲುತ್ತದೆ. ಹಬ್ಬಕ್ಕೋ ಜಾತ್ರೆಗೋ ರಜೆ ಹಾಕಿ ಮರಳಿದರೆ ಮತ್ತೆ ಮೊದಲಿನಿಂದ ಶುರು. ಅದಕ್ಕೇ ಗಣಿಯ ಹಿರಿಯರು ಒಂದು ಉಪಾಯ ಕಂಡುಕೊಂಡಿದ್ದರು. ರಜೆಗೆ ಹೋಗುವಾಗ ಉಗುರಿನಷ್ಟು ಜಿಲೆಟಿನ್ ಚೂರನ್ನು ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಳ್ಳುವುದು. ಮೈಗೆ ಅದರ ರೂಢಿ ತಪ್ಪಬಾರದು. ನಾವು ಹೆಂಗಸರು ಆ ರುಮಾಲನ್ನು ಒಲೆಯಿಂದ ದೂರ ಇಡಲು ಕಲಿತಿದ್ದೆವು. ಅಷ್ಟೇ ನಮ್ಮ ಎಚ್ಚರಿಕೆ.

ಇವರ ಎದೆ ಹಿಡಿಯುವ ಹಿಂದಿನ ವಾರದ ಕೆಲಸ ಗಣಿಯದಾಗಿರಲಿಲ್ಲ.

ನಿಜಾಮರ ಆಳಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮುಂದಿನ ಬೇಸಿಗೆ ಅದು. ಚಿತ್ತಾಪುರದ ಕಡೆಯ ಒಂದು ಹಳ್ಳಿಯಲ್ಲಿ, ಜನ ಬಿಟ್ಟುಹೋದ ಮನೆಯ ಹಗೇವಿನಲ್ಲಿ ಜಿಲೆಟಿನ್ ಪೆಟ್ಟಿಗೆಗಳು ಸಿಕ್ಕವು. ಜೋಳ ತುಂಬಿಡುವ ನೆಲದಡಿಯ ಕುಳಿ ಅದು. ರೈಲಿನ ಸೇತುವೆ ಹಾರಿಸಲು ಗಲಾಟೆಯ ವರ್ಷ ಬಚ್ಚಿಟ್ಟಿದ್ದರಂತೆ. ರಜಾಕಾರರು ಇಟ್ಟದ್ದೆಂದು ಕೆಲವರು, ಅವರ ವಿರೋಧಿಗಳು ಇಟ್ಟದ್ದೆಂದು ಕೆಲವರು ಹೇಳುತ್ತಿದ್ದರು. ನಾನು ಕಂಡಿಲ್ಲ, ಹಾಗಾಗಿ ಹೇಳಲಾರೆ. ಮನೆಯ ಸುತ್ತ ಮಕ್ಕಳು ಆಡುತ್ತಿದ್ದವು. ಠಾಣೆಯ ಅಮೀನರು ಗಣಿಗೆ ಬಂದು, ಕೈ ಪಳಗಿದ ಇಬ್ಬರನ್ನು ಕೊಡಿ ಎಂದರು. ಇವರೂ ಖಾಜಾ ಸಾಬರೂ ಹೋದರು. ಇಬ್ಬರೂ ಒಂದೇ ಗಣಿಯಲ್ಲಿ ಕೂದಲು ನರೆಸಿಕೊಂಡವರು.

ಹಗೇವಿಗೆ ಇಳಿಯುವ ಮುನ್ನ ಒಳಗಿನ ಗಾಳಿ ನೋಡಲು ದೀಪ ಇಳಿಸುವುದು ನಮ್ಮ ಕಡೆಯ ರೂಢಿ. ಇಲ್ಲಿ ದೀಪ ಇಳಿಸುವಂತಿರಲಿಲ್ಲ. ಬಾಯಿ ತೆರೆದಿಟ್ಟು, ಕೌದಿಯಿಂದ ಗಾಳಿ ಹಾಕಿ ಇಳಿದರಂತೆ. ಒಳಗಿನ ಕಡ್ಡಿಗಳು ಸೆಕೆಗೆ ಬೆವತು ಎಣ್ಣೆ ಬಿಟ್ಟಿದ್ದವು. ತುಸು ಅಲುಗಿದರೂ ಸಿಡಿಯುವ ಸ್ಥಿತಿ. ಗವಸಿಲ್ಲದೆ, ಜಾರದಂತೆ ಬರಿಗೈಯಲ್ಲೇ ಬಿಗಿಯಾಗಿ ಹಿಡಿದು, ಒಬ್ಬರಾದ ಮೇಲೆ ಒಬ್ಬರು ಇಳಿದು, ಕಟ್ಟಿಗೆಯ ಹೊಟ್ಟು ಹಾಸಿದ ಬುಟ್ಟಿಯಲ್ಲಿ ಮೇಲಕ್ಕೆ ಸಾಗಿಸಿದರು. ದೂರದ ಬಯಲಿನಲ್ಲಿ ಸುಟ್ಟರು. ಎಲ್ಲರ ಭಯವೂ ಸಿಡಿತದ್ದೇ ಆಗಿತ್ತು. ಬೇರೊಂದು ಭಯವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಕೆಲಸ ಮುಗಿಸಿ ಬಂದ ಸಂಜೆ ಇಬ್ಬರ ಮುಖವೂ ಕೆಂಪಗಿತ್ತು. ಮಾತು ತೊದಲುತ್ತಿತ್ತು. ನಾನು ನೋಡುವುದನ್ನು ನೋಡಿ ಖಾಜಾ ಸಾಬರು ಇವರತ್ತ ಕೈ ಮಾಡಿ ನಕ್ಕರು.

"ವೈನಿ, ಹಂಗ ನೋಡಬ್ಯಾಡ್ರಿ. ಸರಕಾರ ಪುಕಟ ಕುಡಿಸ್ಯದ. ಶರಣಪ್ಪಗ ಜರಾ ಜಾಸ್ತೀನೇ ಏರ್ಯದ."

ನಾನು ಅವರಿಂದ ಕೇಳಿದ ಕೊನೆಯ ಮಾತು ಅದು. ಅಮೀನರು ವಿಶ್ರಾಂತಿಗೆಂದು ಇಬ್ಬರಿಗೂ ರಜೆ ಕೊಡಿಸಿದ್ದರು.

ಆ ರಜೆಯಲ್ಲೇ ಖಾಜಾ ಸಾಬರು ತೀರಿಕೊಂಡರು. ಹೆದರಿಕೆ ಎದೆಗೆ ಹೊಕ್ಕಿತ್ತು ಎಂದು ಊರು ಮಾತಾಡಿತು. ಇವರಿಗೆ ನೋವು ಬಂದಾಗಲೂ ಅದನ್ನೇ ಹೇಳಿದರು.

ರುಮಾಲು ತಲೆಯ ಮೇಲಿದ್ದಷ್ಟು ಹೊತ್ತು ಇವರು ಮನುಷ್ಯರಂತಿದ್ದರು. ತೆಗೆದರೆ ನೋವು. ಹೀಗಾಗಿ ಮಲಗುವಾಗಲೂ ತೆಗೆಯಲಿಲ್ಲ. ಅದರಲ್ಲಿ ಏನೋ ಗುಣವಿದೆ ಎಂದು ನಂಬಿದರು. ಆದರೂ ನೋವು ಮೇಲಿಂದ ಮೇಲೆ ಬರತೊಡಗಿತು. ರೈಲು ಹತ್ತಿಸಿ ಕಲಬುರ್ಗಿಯ ದವಾಖಾನೆಗೆ ಕರೆದೊಯ್ದೆ.

ವಾರ್ಡಿನಲ್ಲಿ ನರ್ಸ್ ಸ್ವಚ್ಛವಾದ ಬಟ್ಟೆ ತೊಡಿಸಿದಳು. ಹೊಲಸು ರುಮಾಲು ಬೇಡವೆಂದು ಬಿಚ್ಚಿ, ನನ್ನ ಬಟ್ಟೆಯ ಗಂಟಿನ ಮೇಲೆ ಹಾಕಿದಳು. ಇವರು ಬೇಡವೆಂದರು. ಅವಳು ತನ್ನ ಕೆಲಸ ಮಾಡಿದಳು.

ಮಧ್ಯಾಹ್ನ ಬಂದ ನೋವು ಹಿಂದಿನ ಯಾವುದರಂತೆಯೂ ಇರಲಿಲ್ಲ.

ಮಂಚದ ಕಂಬಿ ಹಿಡಿದ ಬೆರಳು ಬಿಳಿಚಿದವು. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಡಾಕ್ಟರ್ ಓಡಿಬಂದರು. ಆಕ್ಸಿಜನ್ ತರಲು ಕೂಗಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು, ಹಿಂದೆ ಇಂಥ ನೋವಿಗೆ ಏನು ಕೊಡುತ್ತಿದ್ದಿರಿ ಎಂದು ನನ್ನನ್ನು ಕೇಳಿದರು. ನಾನು ರುಮಾಲು ತೋರಿಸಿದೆ. ಒಳಗೇನಿದೆ ಎಂದೂ ಹೇಳಿದೆ.

ನರ್ಸ್ ಗೋಡೆಯವರೆಗೆ ಹಿಂದಕ್ಕೆ ಸರಿದಳು. ಡಾಕ್ಟರ್ ಒಂದು ಸೀಸೆಯಿಂದ ಸಣ್ಣ ಗುಳಿಗೆ ತೆಗೆದು ಇವರ ನಾಲಿಗೆಯ ಅಡಿಗೆ ಇಟ್ಟರು. ಕಂಬಿ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು.

ಡಾಕ್ಟರ್ ಮಂಚದ ಅಂಚಿಗೆ ಕುಳಿತು ನಿಧಾನವಾಗಿ ಹೇಳಿದರು. ಇದು ಅಂಜೈನಾ, ಹೃದಯಕ್ಕೆ ರಕ್ತ ಸಾಲದೆ ಬರುವ ನೋವು. ಜಿಲೆಟಿನ್‌ನಲ್ಲಿರುವ ನೈಟ್ರೋಗ್ಲಿಸರಿನ್ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಈ ಗುಳಿಗೆಯಲ್ಲಿಯೂ ಇರುವುದು ಅದೇ, ಕಣದಷ್ಟು. ಹಗೇವಿನಲ್ಲಿ ಚರ್ಮದಿಂದಲೂ ಉಸಿರಿನಿಂದಲೂ ಅದು ಮಿತಿಮೀರಿ ಒಳಗೆ ಹೋಗಿದೆ. ಕೆಲಸ ನಿಂತ ಕೂಡಲೇ ಅದು ಒಳಗೆ ಹೋಗುವುದೂ ನಿಂತಿದೆ. ಅಗಲವಾಗಲು ಒಗ್ಗಿದ್ದ ನಾಳಗಳು ಈಗ ಬಿಗಿಯಾಗುತ್ತಿವೆ. ರುಮಾಲು ರೋಗ ಕಳೆಯಲಿಲ್ಲ, ಮುಂದಕ್ಕೆ ಹಾಕಿತು.

"ಹಂಗಾದ್ರ ಖಾಜಾ ಸಾಬ್ರು?" ಎಂದು ಇವರು ಕೇಳಿದರು.

ಡಾಕ್ಟರ್, ಅವರನ್ನು ನಾನು ನೋಡಿಲ್ಲ, ಖಂಡಿತವಾಗಿ ಹೇಳಲಾರೆ ಎಂದರು. ಆಮೇಲೆ, ಬಹುಶಃ ಅದೇ, ಎಂದರು.

ಇವರು ಗೋಡೆಯ ಕಡೆ ಹೊರಳಿದರು. ಹೆಣ ಹೊರುವಾಗಲೂ ಅಳದ ಮನುಷ್ಯ.

ಅಲ್ಲಿಂದ ಬಿಡುಗಡೆಯಾಗುವ ಮುನ್ನ ಅಮೀನರು ವಾರ್ಡಿಗೆ ಬಂದರು. ಹಣ್ಣು ತಂದಿದ್ದರು. ನಾಲವಾರದ ಹತ್ತಿರ, ರೈಲು ಹಳಿಯ ಪಕ್ಕದ ಹಾಳು ಬಾವಿಯಲ್ಲಿ ಇನ್ನೊಂದು ರಾಶಿ ಜಿಲೆಟಿನ್ ಸಿಕ್ಕಿತ್ತು. ಗಣಿಯ ಭೀಮಶ್ಯಾ ಮತ್ತು ಅವನ ತಮ್ಮ ಹೋಗಲು ಒಪ್ಪಿದ್ದರು. ಹೇಗೆ ತೆಗೆಯಬೇಕೆಂದು ಇವರು ಹೇಳಿಕೊಡಬೇಕು, ಅಷ್ಟೇ.

ಇವರು ಹೇಳಿಕೊಟ್ಟರು. ಜೊತೆಗೆ ಕೈಗವಸು ಬೇಕೆಂದರು, ದಿನಕ್ಕೊಮ್ಮೆ ಬಟ್ಟೆ ಬದಲಿಸಬೇಕೆಂದರು, ಒಬ್ಬರೇ ಹೆಚ್ಚು ಹೊತ್ತು ಒಳಗಿರಬಾರದೆಂದರು. ಕೆಲಸ ಮುಗಿದ ಮೇಲೆ ಅವರನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳಬಾರದು, ಗುಳಿಗೆ ಹಿಡಿದ ಕಂಪೌಂಡರ್ ಒಬ್ಬ ರಜೆ ಮುಗಿಯುವವರೆಗೆ ಹತ್ತಿರವೇ ಇರಬೇಕು. ಅಮೀನರು ಕೆಟ್ಟವರಲ್ಲ. ಬೇಸತ್ತಿದ್ದರು. ಬಾವಿಯ ಕೆಲಸಕ್ಕೆ ಇಷ್ಟೆಲ್ಲ ಯಾಕೆ, ಮದ್ದು ಸಿಡಿಯದಿದ್ದರೆ ಸಾಕಲ್ಲ ಎಂದರು.

"ಖಾಜಾ ಸಾಬ್ರ ಕೈಯಾಗ ಏನೂ ಸಿಡದಿಲ್ರಿ, ಸಾಹೇಬ್ರ. ಮನ್ಯಾಗ ಚಾ ಕುಡಕೋತ ಸತ್ರು. ಠಾಣ್ಯಾಗ ಅದನ್ನ ಏನಂತ ಬರ್ಕೊಂಡೀರಿ?"

ಡಾಕ್ಟರ್ ಆಪರೇಷನ್ ಥಿಯೇಟರಿನ ರಬ್ಬರಿನ ಕೈಗವಸುಗಳನ್ನು ತರಿಸಿಕೊಟ್ಟರು. ಗುಳಿಗೆಯ ಸೀಸೆಯನ್ನೂ. ಅಮೀನರು ಎರಡನ್ನೂ ತೆಗೆದುಕೊಂಡು ಹೋದರು.

ನಾಲವಾರದ ಕೆಲಸ ಸುರಕ್ಷಿತವಾಗಿ ಮುಗಿಯಿತು. ನಮಗೆ ಭಯವಿದ್ದದ್ದು ಅದರ ನಂತರದ ರಜೆಯದು. ಆಗ ನಾವು ಶಹಾಬಾದಿಗೆ ಮರಳಿದ್ದೆವು. ಅಣ್ಣತಮ್ಮಂದಿರನ್ನು ನಮ್ಮ ಅಂಗಳದಲ್ಲೇ ಇರಿಸಿಕೊಂಡೆವು. ಅಮೀನರು ಕಳಿಸಿದ್ದ ಕಂಪೌಂಡರ್ ಬೇವಿನ ನೆರಳಿನಲ್ಲಿ ಕುಳಿತು ತೂಕಡಿಸುತ್ತಿದ್ದ. ಭೀಮಶ್ಯಾ ಬಾಣಂತಿಗೂ ಇಷ್ಟು ಕಾವಲಿರುವುದಿಲ್ಲ ಎಂದು ಗೊಣಗುತ್ತಿದ್ದ.

ಖಾಜಾ ಸಾಬರ ಹೆಂಡತಿ ಹುಸೇನಬಿ ಬಂದು ಬಾಗಿಲ ಬಳಿ ನಿಂತರು. ಗಂಡ ಹೆದರಿ ಸತ್ತರೆಂಬ ಮಾತನ್ನು ಕೇಳಿ ಕೇಳಿ ಅವರು ಹೊರಗೆ ಬರುವುದನ್ನೇ ಬಿಟ್ಟಿದ್ದರು. ಡಾಕ್ಟರ್ ಹೇಳಿದ್ದನ್ನು ನಾನು ಹೇಳಿದೆ. ಅವರು ಸಣ್ಣ ದನಿಯಲ್ಲಿ ಕೇಳಿದರು.

"ಅವತ್ತು ಅವ್ರು ಬಂದ ಕೂಡ್ಲೇ ನಾನೇ ರುಮಾಲ ತಗದು ಸೋಡಾ ಹಾಕಿ ಒಗದೆ, ತಂಗಿ. ಭಾಳ ನಾತ ಹೊಡೀತಿತ್ತು. ನಾ ಒಗೀಲಿಲ್ಲ ಅಂದ್ರ...?"

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು. ರುಮಾಲು ಒಗೆಯದೆ ಇದ್ದಿದ್ದರೆ ಖಾಜಾ ಸಾಬರು ಇನ್ನೂ ಕೆಲವು ದಿನ ಇರುತ್ತಿದ್ದರೋ, ದವಾಖಾನೆಯ ತನಕ ಬರುತ್ತಿದ್ದರೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳಲಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ.

"ಹಗೇವಿನ್ಯಾಗ ಅವ್ರ ಕೈಗೆ ಗವಸ ಏನೂ ಕೊಟ್ಟಿರಲಿಲ್ಲ, ಅಕ್ಕ. ಕೊಡೋರು ಕೊಡಲಿಲ್ಲ. ಅದರಿಂದ ಹೋದ್ರು."

ಹುಸೇನಬಿ ಒಳಗೆ ಬಂದು ಕುಳಿತರು.

ಇವರು ಇನ್ನು ಗಣಿಗೆ ಹೋಗುವಂತಿಲ್ಲ. ಬಾವಿಯ ತನಕ ನಡೆದರೆ ಒಮ್ಮೊಮ್ಮೆ ಎದೆ ಹಿಡಿಯುತ್ತದೆ, ಗುಳಿಗೆ ಇಟ್ಟರೆ ಬಿಡುತ್ತದೆ. ಮುಂದೇನೆಂದು ಡಾಕ್ಟರ್ ಮಾತು ಕೊಟ್ಟಿಲ್ಲ. ನಾವೂ ಕೇಳಿಲ್ಲ.

ಹುಸೇನಬಿ ಬಂದ ಆ ದಿನ ಹೊತ್ತು ಇಳಿಯುವ ವೇಳೆಗೆ ಭೀಮಶ್ಯಾನ ತಮ್ಮ ಹಣೆ ಹಿಡಿದುಕೊಂಡು ಕುಳಿತ. ನಾವೆಲ್ಲ ಒಟ್ಟಿಗೆ ಎದ್ದೆವು. ಕಂಪೌಂಡರ್ ಸೀಸೆಯ ಮುಚ್ಚಳ ಬಿಚ್ಚಿದ. ಎಲ್ಲರಿಗಿಂತ ಮೊದಲು ಹುಸೇನಬಿ ಆ ಹುಡುಗನ ಹತ್ತಿರ ಹೋಗಿದ್ದರು.

"ಎದಿ?" ಎಂದು ಕೇಳಿದರು.

"ಇಲ್ಲ ಚಾಚಿ. ತಲಿ ಅಷ್ಟ."

ಅವರು ಅವನ ಪಕ್ಕದಲ್ಲೇ ನೆಲಕ್ಕೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡರು.