ಗುಂಡ್ಲುಪೇಟೆ ಬಸ್ಸು ಹತ್ತಿದ ಚೆನ್ನಾಜಿ

ದೆವ್ವ, ಶಕುನ, ದರ್ಶನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ಅಂಥ ಮಾತು ನನಗೆ ಹಿಡಿಸುವುದಿಲ್ಲ. ಆದರೆ ಐವತ್ತರ ದಶಕದಲ್ಲಿ ನನಗಾದ ಒಂದು ಅನುಭವ, ಎಷ್ಟು ಸಲ ಯೋಚಿಸಿದರೂ, ಇಂದಿಗೂ ಬುದ್ಧಿಗೆ ನಿಲುಕಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ಚಾಮರಾಜನಗರದಲ್ಲಿ ಮೇಷ್ಟರಾಗಿದ್ದೆ. ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ದೊಡ್ಡ ಮನೆತನವೊಂದರ ಕಥೆ. ಮೂರನೆಯ ಕಂತಿನಲ್ಲಿ, ಆ ಮನೆಯ ಅಜ್ಜಿಯನ್ನು ನೋಡಿಕೊಳ್ಳಲು ಚೆನ್ನಾಜಿ ಎಂಬ ಹುಡುಗಿಯನ್ನು ತಂದೆ. ಒಂದೇ ಪುಟಕ್ಕೆಂದು ಬಂದವಳು ಹೋಗಲೇ ಇಲ್ಲ. ನಗುನಗುತ್ತಲೇ ಅಜ್ಜಿಯನ್ನು ಗದರಿಸಿ ಊಟ ಮಾಡಿಸುವಳು. ಓದುಗರ ಕಾಗದಗಳೆಲ್ಲ ಅವಳ ಬಗ್ಗೆಯೇ. ಮುಂದೆ ಅವಳನ್ನು ನರ್ಸ್ ಮಾಡಬೇಕೆಂದು ನನಗೂ ಆಸೆಯಿತ್ತು.

ಸಂಪಾದಕರಿಗೆ ಅದು ಸರಿಬರಲಿಲ್ಲ. ನಾಯಕಿ ಮಂಕಾಗುತ್ತಿದ್ದಾಳೆ, ಮುಂದಿನ ಕಂತಿನಲ್ಲೇ ಈ ಹುಡುಗಿಯನ್ನು ಮುಗಿಸಿ ಎಂದು ಕಾರ್ಡು ಬರೆದರು. ಸಾಯಿಸಲು ಕೈ ಬರಲಿಲ್ಲ. ಇಲ್ಲಿ ನಿನಗಿನ್ನು ಕೆಲಸವಿಲ್ಲ ಎಂದು ಮನೆಯವರು ಹೇಳಿದರು, ಅವಳು ಗುಂಡ್ಲುಪೇಟೆ ಬಸ್ಸು ಹತ್ತಿದಳು ಎಂದು ಎರಡು ಸಾಲು ಬರೆದು, ಒಂದು ಮಂಗಳವಾರ ಬೆಳಿಗ್ಗೆ ಅಂಚೆಗೆ ಹಾಕಿದೆ. ಅಕ್ಕ ಗುಂಡ್ಲುಪೇಟೆಯಲ್ಲಿದ್ದಳು, ಹಾಗಾಗಿ ಆ ಊರು ತೋಚಿತು, ಅಷ್ಟೆ. ಮನಸ್ಸಿಗೆ ಮಾತ್ರ ನಮ್ಮ ಮನೆಯ ಹೆಣ್ಣುಮಗಳನ್ನೇ ಹೊರಗೆ ಹಾಕಿದಂತಾಗಿತ್ತು.

ಹತ್ತು ದಿನಕ್ಕೆ ಅಕ್ಕನಿಗೆ ಚಳಿಜ್ವರ ಎಂದು ಸುದ್ದಿ ಬಂತು. ಆ ಕಂತು ಇನ್ನೂ ಅಚ್ಚಾಗಿರಲಿಲ್ಲ. ಭಾವ ಬಂಡೀಪುರದ ಕಾಡಿನಲ್ಲಿ ಗಾರ್ಡು. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವರು. ಒಬ್ಬಳೇ ಏನಾದಳೋ ಎಂದು ಸಿಕ್ಕಿದ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಅಕ್ಕ ಜಗಲಿಯ ಮೇಲೆ ಕುಳಿತು ಗಂಜಿ ಕುಡಿಯುತ್ತಿದ್ದಳು. ಸೊರಗಿದ್ದಳು, ಆದರೆ ಮುಖದಲ್ಲಿ ಗೆಲುವಿತ್ತು.

“ನೀ ಕಳಿಸ್ದೆಯಲ್ಲ ಚೆನ್ನಾಜಿ, ಅವ್ಳಿಲ್ದಿದ್ರೆ ನಾ ಉಳೀತಿರ್ನಿಲ್ಲ ಕಣ್ಲಾ,” ಎಂದಳು.

ಅಕ್ಕನಿಗೆ ಓದು ಬರದು. ಕಥೆಯ ಸುದ್ದಿಯನ್ನು ನಾನು ಅವಳಿಗೆ ಹೇಳಿದವನೂ ಅಲ್ಲ. ಮೆಲ್ಲಗೆ ವಿಚಾರಿಸಿದೆ. ನಾನು ಕಂತನ್ನು ಅಂಚೆಗೆ ಹಾಕಿದ ಅದೇ ಮಂಗಳವಾರ ಮಧ್ಯಾಹ್ನ, ಜ್ವರ ಏರಿದ್ದಾಗ ಬಂದಳಂತೆ.

“ಅಲ್ಲಿ ನಂಗಿನ್ನು ಕೆಲ್ಸ ಇಲ್ಲ ಅಂದ್ಬುಟ್ರು ಕಣಕ್ಕ, ಅದ್ಕೇ ಬಂದೆ ಅಂದ್ಲು. ಇವತ್ತು ಬೆಳಿಗ್ಗೆ ಒಂಟೋದ್ಲು. ಎಡಗೈಲಿ ಗಂಜಿ ಬಡುಸ್ತಿದ್ಲು, ನಾ ಬೈದ್ರೆ ನಕ್ಬುಡೋಳು. ಅಂತಾ ಎಣ್ಮಗೀನ ಯಾಕ್ಲಾ ಕೆಲ್ಸ ಬುಡುಸ್ದೆ?”

ನನ್ನ ಚೆನ್ನಾಜಿ ಎಡಗೈಯವಳು. ಅದನ್ನು ಮುಂದೆ ಯಾವಾಗಲಾದರೂ ಬರೆಯೋಣವೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಒಂದಕ್ಷರ ಬರೆದಿರಲಿಲ್ಲ, ಯಾರ ಮುಂದೆಯೂ ಆಡಿರಲಿಲ್ಲ.

ಜ್ವರದ ಭ್ರಮೆ ಇರಬೇಕೆಂದು ಪಕ್ಕದ ಮನೆಯಾಕೆಯನ್ನು ಕೇಳಿದೆ. ಆ ಹುಡುಗಿ ದಿನವೂ ನೀರು ಸೇದಲು ಬರುತ್ತಿದ್ದಳಂತೆ. ನನಗೆ ಸುದ್ದಿ ಕಳಿಸಿರೆಂದು ವಿಳಾಸ ಕೊಟ್ಟವಳೂ ಅವಳೇ. ಬಸ್ ನಿಲ್ದಾಣದಲ್ಲಿ ಮಾತ್ರ ಅಂಥವಳನ್ನು ಕಂಡವರು ಯಾರೂ ಸಿಗಲಿಲ್ಲ.

ಆ ಎರಡು ಸಾಲು ತೆಗೆದುಬಿಡಿ ಎಂದು ಸಂಪಾದಕರಿಗೆ ಬರೆದೆ. ಅಷ್ಟರಲ್ಲಿ ಅಚ್ಚಾಗಿಹೋಗಿತ್ತು. ಯಾರೋ ಪುಣ್ಯಾತ್ಗಿತ್ತಿ ಬಂದಿದ್ದಿರಬಹುದು, ಹೆಸರೂ ಅದೇ ಇದ್ದಿರಬಹುದು. ಆದರೆ ಉಳಿದದ್ದಕ್ಕೆ ಏನು ಹೇಳಲಿ? ಅಕ್ಕನಿಗೆ ನಿಜ ತಿಳಿಸಲು ನನಗೆ ಕೊನೆಯವರೆಗೂ ಬಾಯಿ ಬರಲಿಲ್ಲ. ಆಮೇಲೆ ಎಷ್ಟೋ ವರ್ಷ, ನಾನು ಹೋದಾಗಲೆಲ್ಲ ಅವಳು ಬಾಗಿಲಿಗೆ ಬಂದು, ನನ್ನ ಬೆನ್ನ ಹಿಂದೆ ಇನ್ನೊಬ್ಬಳು ಬಂದಿದ್ದಾಳೆಯೇ ಎಂದು ಒಂದು ಗಳಿಗೆ ನೋಡುತ್ತಿದ್ದಳು. ನಿಜ ಹೇಳುತ್ತೇನೆ, ನಾನೂ ತಿರುಗಿ ನೋಡುತ್ತಿದ್ದೆ.